ಅಜ್ಟೆಕ್ಕರು ಆಡುತ್ತಿದ್ದದ್ದು ನಮ್ಮ ಚೌಕಾಬಾರವೇ? ಒಂದು ಫಾರ್ವರ್ಡ್‌ನ ಜಾಡು ಹಿಡಿದು

“ಕೊಲಂಬಸ್‌ಗಿಂತ ಸಾವಿರಾರು ವರ್ಷ ಮೊದಲೇ ಭಾರತೀಯರು ಅಮೆರಿಕ ತಲುಪಿದ್ದರು! ಸಾಕ್ಷಿ ನಿಮ್ಮ ಅಜ್ಜಿಯ ಚೌಕಾಬಾರದಲ್ಲೇ ಇದೆ! ಹೆಮ್ಮೆ ಇದ್ದರೆ ಹತ್ತು ಜನರಿಗೆ ಕಳುಹಿಸಿ.”

ಈ ಧಾಟಿಯ ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗ್ರೂಪ್‌ಗೂ ಬಂದಿರಬಹುದು. ಜೊತೆಗೆ ಎರಡು ಚಿತ್ರಗಳು. ಒಂದರಲ್ಲಿ ನಮ್ಮ ಪಗಡೆ ಹಾಸು, ಇನ್ನೊಂದರಲ್ಲಿ ಮೆಕ್ಸಿಕೋದ ಅಜ್ಟೆಕ್ ಜನರು ಚಾಪೆಯ ಸುತ್ತ ಕುಳಿತು ಆಡುತ್ತಿರುವ ಹಳೆಯ ವರ್ಣಚಿತ್ರ. ಎರಡೂ ಪ್ಲಸ್ ಚಿಹ್ನೆಯ ಆಕಾರದವು. ನೋಡಿದರೆ ಯಾರಿಗಾದರೂ “ಅರೆ, ಹೌದಲ್ಲ!” ಅನಿಸುತ್ತದೆ.

ನಮ್ಮ ತಂಡದ ಒಬ್ಬರ ಮನೆ ಮೈಸೂರಿನ ಜಯಲಕ್ಷ್ಮಿಪುರಂನಲ್ಲಿದೆ. ಒಂದು ಭಾನುವಾರ ಮಧ್ಯಾಹ್ನ ಆ ಮನೆಯಲ್ಲೂ ಈ ಸಂದೇಶ ಸದ್ದು ಮಾಡಿತು. ಏಳನೇ ತರಗತಿಯ ಹುಡುಗಿಯೊಬ್ಬಳು ಶಾಲೆಯ ಪ್ರಾಜೆಕ್ಟ್‌ಗೆ ‘ನಮ್ಮ ಸಾಂಪ್ರದಾಯಿಕ ಆಟಗಳು’ ಎಂಬ ವಿಷಯ ಬರೆಯಬೇಕಿತ್ತು. ಚಿಕ್ಕಪ್ಪ ಕಳುಹಿಸಿದ ಫಾರ್ವರ್ಡ್ ಸಿಕ್ಕಿದ್ದೇ ತಡ, ಅದನ್ನೇ ಚೆಂದದ ಅಕ್ಷರದಲ್ಲಿ ನಕಲು ಮಾಡಲು ಕುಳಿತಳು. ಜಗಲಿಯಲ್ಲಿದ್ದ ಅಜ್ಜಿ, “ಜೋರಾಗಿ ಓದೇ, ನಾನೂ ಕೇಳ್ತೀನಿ” ಅಂದರು. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: “ಅವರ ಊರಲ್ಲಿ ಹುಣಸೆ ಮರ ಇತ್ತೇನೇ? ಬೀಜ ಇಲ್ದೆ ಗರ ಹೇಗೆ ಹಾಕ್ತಿದ್ರು?”

ನಾವು ಈ ಸಂದೇಶದ ಬೆನ್ನು ಹತ್ತಿದ್ದು ಆ ಪ್ರಶ್ನೆಯಿಂದಲೇ.

ಮೊದಲಿಗೆ, ಅಜ್ಟೆಕ್ಕರು ಆಡುತ್ತಿದ್ದದ್ದು ಏನು?

ಆ ಆಟದ ಹೆಸರು ಪತೊಲ್ಲಿ. ಇದು ಕಟ್ಟುಕತೆಯಲ್ಲ, ನಿಜವಾಗಿ ಇದ್ದ ಆಟ. ಸ್ಪೇನಿನವರು 1521ರಲ್ಲಿ ಅಜ್ಟೆಕ್ ರಾಜಧಾನಿ ಟೆನೊಚ್ಟಿಟ್ಲಾನನ್ನು ವಶಪಡಿಸಿಕೊಂಡರು. ಆಮೇಲೆ ಅಲ್ಲಿಗೆ ಬಂದ ಪಾದ್ರಿಗಳು ಸ್ಥಳೀಯರ ಆಚಾರ, ಹಬ್ಬ, ಆಟಗಳ ಬಗ್ಗೆ ಬರೆದಿಟ್ಟರು. ಬೆರ್ನಾರ್ದಿನೊ ದೆ ಸಹಗುನ್ ಮತ್ತು ದಿಯೇಗೊ ದುರಾನ್ ಅವರ ಬರಹಗಳಲ್ಲಿ ಪತೊಲ್ಲಿಯ ವರ್ಣನೆ ಇದೆ. ಫಾರ್ವರ್ಡ್‌ಗಳಲ್ಲಿ ಕಾಣುವ ಚಿತ್ರ ಸಾಮಾನ್ಯವಾಗಿ 16ನೇ ಶತಮಾನದ ‘ಮಲ್ಯಾಬೆಕಿಯಾನೊ’ ಎಂಬ ಚಿತ್ರಸಂಪುಟದ್ದು. ಅದರಲ್ಲಿ ಆಟಗಾರರ ಜೊತೆ ಆಟಗಳ ದೇವರು ಮಕ್ವಿಲ್‌ಶೋಚಿಟ್ಲ್ ಕೂಡ ಇದ್ದಾನೆ. ಆ ಹೆಸರಿನ ಅರ್ಥ ‘ಐದು ಹೂವು’.

ಚಾಪೆಯ ಮೇಲೆ ಮರದ ರಬ್ಬರ್ ಹಾಲಿನಿಂದ ಪ್ಲಸ್ ಆಕಾರದ ಮನೆಗಳನ್ನು ಬರೆಯುತ್ತಿದ್ದರು. ಸಾಮಾನ್ಯವಾಗಿ 52 ಮನೆಗಳು. ಕಾಯಿ ನಡೆಸಲು ಬಣ್ಣದ ಸಣ್ಣ ಕಲ್ಲುಗಳು. ದಾಳದ ಬದಲಿಗೆ ಅವರೆಯಂಥ ದೊಡ್ಡ ಕಾಳುಗಳು. ಕಾಳಿನ ಒಂದು ಬದಿಗೆ ಚುಕ್ಕೆಯೋ ಗುಳಿಯೋ ಮಾಡಿ ಗುರುತು ಹಾಕುತ್ತಿದ್ದರು. ಕಾಳುಗಳನ್ನು ಎರಡೂ ಕೈಯಲ್ಲಿ ಉಜ್ಜಿ, ದೇವರ ಹೆಸರು ಕೂಗಿ, ಚಾಪೆಯ ಮೇಲೆ ಎಸೆಯುವುದು. ಎಷ್ಟು ಚುಕ್ಕೆ ಮೇಲೆ ಕಾಣುತ್ತದೋ ಅಷ್ಟು ಮನೆ ಮುಂದಕ್ಕೆ.

ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಅಲ್ಲಿ ಹುಣಸೆ ಇರಲಿಲ್ಲ. ಆಫ್ರಿಕಾ ಮೂಲದ ಹುಣಸೆ ಮೆಕ್ಸಿಕೋಗೆ ಹೋದದ್ದು ಸ್ಪೇನಿನವರ ಕಾಲದಲ್ಲಿ. ಅವರ ಬಳಿ ಕಾಳು ಇತ್ತು, ಕಾಳಿನಲ್ಲೇ ಗರ ಹಾಕಿದರು.

ಒಂದು ವಿಷಯ ನಮ್ಮನ್ನು ನಿಜಕ್ಕೂ ತಡೆದು ನಿಲ್ಲಿಸಿತು. ಪತೊಲ್ಲಿ ಬರೀ ಕಾಲಹರಣವಾಗಿರಲಿಲ್ಲ, ಅದು ಜೂಜೂ ಆಗಿತ್ತು. ಕಂಬಳಿ, ಗರಿ, ರತ್ನ, ಮನೆ ಪಣಕ್ಕಿಟ್ಟು, ಕೊನೆಗೆ ತಮ್ಮನ್ನೇ ಪಣವಾಗಿಟ್ಟು ಸೋತು ಗುಲಾಮರಾದವರ ಬಗ್ಗೆ ದುರಾನ್ ಬರೆದಿದ್ದಾರೆ. ಇದನ್ನು ಓದುವಾಗ ಕನ್ನಡಿಗರಿಗೆ ಹಸ್ತಿನಾಪುರದ ಸಭೆ ನೆನಪಾಗದೆ ಇರುವುದಿಲ್ಲ. ಫಾರ್ವರ್ಡ್ ಗಟ್ಟಿಯಾಗುವುದೂ ಇಲ್ಲೇ. ಹಾಸು ಒಂದೇ, ಗರ ಹಾಕುವ ರೀತಿ ಒಂದೇ, ತನ್ನನ್ನೇ ಪಣಕ್ಕಿಡುವುದೂ ಒಂದೇ. ಇನ್ನೇನು ಸಾಕ್ಷಿ ಬೇಕು ಎಂದು ಅದು ಕೇಳುತ್ತದೆ.

ಈ ವಾದ ವಾಟ್ಸಾಪ್‌ನಲ್ಲಿ ಹುಟ್ಟಿದ್ದಲ್ಲ

ಈ ಹೋಲಿಕೆಯನ್ನು ಗಂಭೀರ ವಾದವಾಗಿ ಮಂಡಿಸಿದ ವಿದ್ವಾಂಸ ಇಂಗ್ಲೆಂಡಿನ ಎಡ್ವರ್ಡ್ ಟೈಲರ್. ಮಾನವಶಾಸ್ತ್ರದ ಆದ್ಯರಲ್ಲಿ ಒಬ್ಬರು. ಪತೊಲ್ಲಿ ಏಷ್ಯಾದಿಂದ ಹೋಗಿರುವ ಸಂಭವವಿದೆ ಎಂಬ ಅವರ ಲೇಖನ 1879ರಲ್ಲಿ ಅಚ್ಚಾಯಿತು. ಅಂದರೆ ನಿಮ್ಮ ಚಿಕ್ಕಪ್ಪ ಕಳುಹಿಸಿದ ಸಂದೇಶದ ತಿರುಳಿಗೆ ಸುಮಾರು ಒಂದೂವರೆ ಶತಮಾನದ ವಯಸ್ಸು.

ಟೈಲರ್ ಅವರ ತರ್ಕ ಸರಳ. ಎರಡು ಊರಿನ ಆಟಗಳಲ್ಲಿ ಒಂದು ಅಂಶ ಹೋಲಿದರೆ ಅದು ಕಾಕತಾಳೀಯ ಇರಬಹುದು. ಆದರೆ ಪ್ಲಸ್ ಆಕಾರದ ಹಾಸು, ಎರಡು ಮುಖದ ವಸ್ತು ಎಸೆಯುವುದು, ಬಿದ್ದಷ್ಟು ಮನೆ ಕಾಯಿ ನಡೆಸುವುದು, ಅಪರೂಪದ ಗರಕ್ಕೆ ಹೆಚ್ಚು ಬೆಲೆ ಕೊಡುವುದು ಇವೆಲ್ಲ ಒಟ್ಟೊಟ್ಟಿಗೆ ಹೋಲಿದರೆ? ಇಷ್ಟೂ ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟುವುದು ಕಷ್ಟ ಎಂಬುದು ಅವರ ವಾದ.

ಕೇಳಲು ಸರಿಯಾಗಿಯೇ ಇದೆ. ಹಾಗಾದರೆ ತಪ್ಪೆಲ್ಲಿ?

1950ರಲ್ಲಿ ಚಾರ್ಲ್ಸ್ ಇರಾಸ್ಮಸ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಇದೇ ಎರಡು ಆಟಗಳನ್ನು ಇಟ್ಟುಕೊಂಡು ಇದನ್ನು ಪರಿಶೀಲಿಸಿದರು. ಅವರು ಎತ್ತಿದ ಮುಖ್ಯ ವಿಚಾರವನ್ನು ಹೀಗೆ ಹೇಳಬಹುದು: ಕೆಲವು ಕೆಲಸಗಳನ್ನು ಮಾಡಲು ಇರುವ ದಾರಿಗಳೇ ಕಡಿಮೆ. ಅಲ್ಲಿ ಇಬ್ಬರು ಒಂದೇ ದಾರಿ ಹಿಡಿದರೆ ಒಬ್ಬರು ಇನ್ನೊಬ್ಬರಿಂದ ಕಲಿತರು ಎನ್ನಲಾಗದು. ಜೊತೆಗೆ, ಟೈಲರ್ ಎಣಿಸಿದ ಅಂಶಗಳು ಬಿಡಿ ಬಿಡಿ ಅಂಶಗಳೂ ಅಲ್ಲ. ಒಂದು ಬಂದರೆ ಇನ್ನೊಂದು ಅದರ ಹಿಂದೆಯೇ ಬರುತ್ತದೆ.

ಇದು ಅರ್ಥವಾಗಲು ನಾಲ್ಕು ಕವಡೆ ಸಾಕು.

ಕವಡೆ ಹೇಳುವ ಲೆಕ್ಕ

ನೀವೇ ಒಂದು ಆಟ ಕಟ್ಟಬೇಕು ಅಂದುಕೊಳ್ಳಿ. ಅಂಗಡಿಯ ದಾಳ ಇಲ್ಲ. ಅದೃಷ್ಟ ನಿರ್ಧರಿಸಲು ಏನನ್ನು ಬಳಸುತ್ತೀರಿ? ಎಸೆದರೆ ಅಂಗಾತವೋ ಬೋರಲೋ ಬೀಳುವ ಯಾವುದಾದರೂ ವಸ್ತು. ಹೊರಗೆ ಕಂದು, ಒಳಗೆ ಬಿಳಿ ಕಾಣುವ ಹುಣಸೆ ಬೀಜದ ಹೋಳು. ಕವಡೆ. ಸೀಳಿದ ಬಿದಿರು. ಗುರುತು ಹಾಕಿದ ಕಾಳು. ಆರು ಮುಖದ ದಾಳ ಕೆತ್ತಲು ಕುಶಲಕರ್ಮಿ ಬೇಕು. ಎರಡು ಮುಖದ ವಸ್ತು ಮಾಡಲು ಒಂದು ಮಗು ಸಾಕು.

ಇಂಥ ನಾಲ್ಕನ್ನು ಒಟ್ಟಿಗೆ ಎಸೆದರೆ 16 ಬಗೆಯಲ್ಲಿ ಬೀಳಬಹುದು. ಎರಡೂ ಬದಿಗೆ ಸಮಾನ ಅವಕಾಶ ಇದೆ ಎಂದಿಟ್ಟುಕೊಳ್ಳೋಣ. 16ರಲ್ಲಿ 6 ಬಾರಿ ಎರಡು ಅಂಗಾತ ಬೀಳುತ್ತವೆ. ಒಂದು ಅಂಗಾತ ಬೀಳುವುದು 4 ಬಾರಿ, ಮೂರು ಬೀಳುವುದೂ 4 ಬಾರಿ. ನಾಲ್ಕೂ ಅಂಗಾತ ಬೀಳುವುದು ಒಂದೇ ಬಾರಿ. ಎಲ್ಲವೂ ಬೋರಲಾಗುವುದೂ ಒಂದೇ ಬಾರಿ. ನಿಜವಾದ ಕವಡೆಯ ಎರಡು ಬದಿ ಸಮ ಇರುವುದಿಲ್ಲ, ಆದ್ದರಿಂದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಆದರೆ ತುದಿಯ ಎರಡು ಗರಗಳು ಅಪರೂಪ ಎಂಬುದು ಬದಲಾಗದು.

ಈಗ ಚೌಕಾಬಾರ ನೆನಪಿಸಿಕೊಳ್ಳಿ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ಎಲ್ಲ ಬೋರಲಾದರೆ ಬಾರ, ಅಂದರೆ ಎಂಟು. ಈ ಎರಡಕ್ಕೂ ಇನ್ನೊಂದು ಗರ ಸಿಗುತ್ತದೆ. ಯಾಕೆ? ಅವು ಅಪರೂಪ, ಬಿದ್ದಾಗ ಆಡುವವರು ಕೂಗಿಕೊಳ್ಳುತ್ತಾರೆ, ಆ ಕೂಗಿಗೆ ಒಂದು ಬಹುಮಾನ ಬೇಕು. ಪತೊಲ್ಲಿಯನ್ನು ಇಂದು ಆಡುವವರು ಐದು ಕಾಳು ಬಳಸುತ್ತಾರೆ. ಐದೂ ಚುಕ್ಕೆ ಮೇಲಾದರೆ ಐದಲ್ಲ, ಹತ್ತು. 32ರಲ್ಲಿ ಒಂದು ಸಲ ಬೀಳುವ ಗರಕ್ಕೆ ಇಮ್ಮಡಿ ಬೆಲೆ.

ಎರಡು ಮುಖದ ಬೀಜಗಳನ್ನು ಎಸೆಯಲು ಆರಂಭಿಸಿದ ಯಾರಿಗೇ ಆಗಲಿ ಕೆಲವೇ ದಿನಗಳಲ್ಲಿ ಈ ಅಪರೂಪದ ಗರ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಹೆಚ್ಚು ಬೆಲೆ ಕೊಡಬೇಕು ಎಂದು ಹೇಳಿಕೊಡಲು ಸಮುದ್ರ ದಾಟಿ ಯಾರೂ ಬರಬೇಕಿಲ್ಲ.

ಪ್ಲಸ್ ಆಕಾರವೂ ಅಷ್ಟೇ. ಓಟದ ಆಟಕ್ಕೆ ಒಂದು ಉದ್ದ ದಾರಿ ಬೇಕು. ನೆಟ್ಟಗೆ ಎಳೆದರೆ ಅದು ಚಾಪೆಯ ಆಚೆ ಹೋಗುತ್ತದೆ. ಆದ್ದರಿಂದ ಮಡಚಬೇಕು. ಸುತ್ತಿ ಸುತ್ತಿ ಒಳಗೆ ತರಬಹುದು, 25 ಮನೆಯ ಚೌಕಾಬಾರ ಮಾಡುವುದು ಅದನ್ನೇ. ಇಲ್ಲವೇ ನಾಲ್ಕು ದಿಕ್ಕಿಗೆ ತೋಳು ಚಾಚಿ, ಪ್ರತಿ ತೋಳಿನಲ್ಲೂ ಹೋಗಿ ಬರುವಂತೆ ಮಾಡಬಹುದು. ಚಾಪೆಗೆ ನಾಲ್ಕು ಬದಿ, ಸುತ್ತ ಕುಳಿತವರಿಗೆ ಒಂದೊಂದು ತೋಳು ಹತ್ತಿರ. ಪಗಡೆ ಮತ್ತು ಪತೊಲ್ಲಿ ಈ ಎರಡನೆಯ ದಾರಿ ಹಿಡಿದವು.

ಹತ್ತಿರದಿಂದ ನೋಡಿದರೆ ಹೋಲಿಕೆ ಸಡಿಲವಾಗುತ್ತದೆ

ಪಗಡೆಯ ತೋಳಿನಲ್ಲಿ ಮೂರು ಸಾಲು, ಸಾಲಿಗೆ ಎಂಟು ಮನೆ, ನಾಲ್ಕು ತೋಳು ಸೇರಿ 96. ನಡುವೆ ಎಲ್ಲ ಕಾಯಿಗಳೂ ಹಣ್ಣಾಗುವ ಮನೆ. ಮೂರು ಸಾಲು ಯಾಕೆಂದರೆ ಎರಡು ಹೋಗಿಬರಲು, ನಡುವಿನದು ಹಣ್ಣಾಗಲು. ಪತೊಲ್ಲಿಯ ತೋಳಿಗೆ ಎರಡೇ ಸಾಲು. ಒಳಗೆ ಹಣ್ಣಾಗಲು ಹೋಗುವ ನಡುಸಾಲು ಅಲ್ಲಿಲ್ಲ. ನಮ್ಮ ಆಟದ ಜೀವವೇ ಆ ಕೊನೆಯ ಓಟ. ಅದಿಲ್ಲದ ಆಟವನ್ನು ನಮ್ಮದೇ ಆಟ ಎನ್ನುವುದು ಹೇಗೆ?

ಹೆಸರಿನ ವಿಷಯಕ್ಕೆ ಬರೋಣ. “ಪಚ್ಚೀಸಿ, ಪತೊಲ್ಲಿ, ಎರಡೂ ‘ಪ’ದಿಂದಲೇ ಶುರು” ಎಂದು ವಾದಿಸುವವರಿದ್ದಾರೆ. ಪಚ್ಚೀಸಿ ಎಂಬುದು ಹಿಂದಿಯ ಪಚ್ಚೀಸ್, ಅಂದರೆ ಇಪ್ಪತ್ತೈದರಿಂದ ಬಂದದ್ದು. ಕವಡೆಯಲ್ಲಿ ಬೀಳುವ ಅತಿ ದೊಡ್ಡ ಗರ ಅದು. ಪತೊಲ್ಲಿ ಎಂಬುದು ಅಜ್ಟೆಕ್ಕರ ನಹುವಾತಲ್ ಭಾಷೆಯ ಪದ. ಮೆಕ್ಸಿಕೋದಲ್ಲಿ ಇಂದಿಗೂ ಒಂದು ಬಗೆಯ ದೊಡ್ಡ ಕಾಳಿಗೆ ‘ಪತೋಲ್’ ಎನ್ನುತ್ತಾರೆ. ಕೊನೆಯ ‘ಲಿ’ ಆ ಭಾಷೆಯ ನಾಮಪದಗಳಿಗೆ ಹತ್ತುವ ಪ್ರತ್ಯಯ. ಆ ‘ಲಿ’ಯನ್ನು ನೀವು ದಿನಾ ಬಳಸುತ್ತೀರಿ: ‘ಚಿಲ್ಲಿ’ ಎಂಬ ಪದವೂ ಅದೇ ನಹುವಾತಲ್‌ನದು. ಟೊಮ್ಯಾಟೊ ಕೂಡ.

ಅಂಕಿಗಳಿಗೂ ಅವರವರ ಮಣ್ಣಿನ ಅರ್ಥವಿದೆ. ಅಜ್ಟೆಕ್ಕರಿಗೆ ಎರಡು ಪಂಚಾಂಗಗಳಿದ್ದವು, ಒಂದು 260 ದಿನದ್ದು, ಇನ್ನೊಂದು 365 ದಿನದ್ದು. ಎರಡೂ ಮತ್ತೆ ಒಂದೇ ದಿನ ಶುರುವಾಗಲು 18,980 ದಿನ, ಅಂದರೆ 52 ವರ್ಷ ಬೇಕು. ನಮ್ಮಲ್ಲಿ 60 ಸಂವತ್ಸರಗಳ ಚಕ್ರ ಇರುವಂತೆ ಅವರಿಗೆ 52ರ ಚಕ್ರ. ಪತೊಲ್ಲಿಯ 52 ಮನೆಗಳಿಗೂ ಈ ಚಕ್ರಕ್ಕೂ ನಂಟಿದೆ ಎಂದು ಹಲವು ವಿದ್ವಾಂಸರು ನೋಡುತ್ತಾರೆ.

ಪತೊಲ್ಲಿಗೆ ತನ್ನ ನೆರೆಹೊರೆಯಲ್ಲೇ ನೆಂಟರಿದ್ದಾರೆ ಎಂಬುದು ಇನ್ನೂ ಮುಖ್ಯ. ಮಾಯಾ ಜನರ ‘ಬುಲ್’ ಎಂಬ ಆಟದಲ್ಲಿ ಒಂದು ಬದಿಗೆ ಮಸಿ ಹಿಡಿಸಿದ ಮುಸುಕಿನ ಜೋಳದ ಕಾಳುಗಳನ್ನು ಎಸೆಯುತ್ತಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಆಟಗಳನ್ನು ಸಂಗ್ರಹಿಸಿ ಸ್ಟೂವರ್ಟ್ ಕ್ಯುಲಿನ್ 1907ರಲ್ಲಿ ದೊಡ್ಡ ಪುಸ್ತಕ ತಂದರು. ಕಡ್ಡಿ, ಬೀಜ, ಹಲ್ಲು, ಮೂಳೆ, ಹೀಗೆ ಎರಡು ಮುಖದ ವಸ್ತು ಎಸೆದು ಆಡುವ ಆಟಗಳು ಅದರಲ್ಲಿ ಸಾಲುಸಾಲಾಗಿ ಸಿಗುತ್ತವೆ. ಈ ಆಟಗಳು ಆ ನೆಲದವೇ ಎಂಬ ನಿಲುವಿಗೆ ಅವರು ಬಂದರು. ಅತ್ತ ಕೊರಿಯಾದ ಯುಟ್ ಆಟದಲ್ಲಿ ನಾಲ್ಕು ಸೀಳುಕಡ್ಡಿ ಎಸೆಯುತ್ತಾರೆ. ಪ್ರಾಚೀನ ಈಜಿಪ್ಟಿನ ಸೆನೆಟ್ ಆಟದಲ್ಲೂ ಎರಡು ಮುಖದ ಕಡ್ಡಿಗಳೇ.

“ಮಹಾಭಾರತದಲ್ಲೇ ಪಗಡೆ ಇದೆಯಲ್ಲ?”

ಇದು ನಮಗೆ ಹೆಚ್ಚಾಗಿ ಬರುವ ಪ್ರಶ್ನೆ. ಮಹಾಭಾರತದಲ್ಲಿ ದ್ಯೂತ ಇದೆ, ಅದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಕಣ್ಣಮುಂದೆ ಬರುವ ಪ್ಲಸ್ ಆಕಾರದ ಹಾಸು ಟಿವಿ ಧಾರಾವಾಹಿ ಮತ್ತು ಕ್ಯಾಲೆಂಡರ್ ಚಿತ್ರಗಳಿಂದ ಬಂದದ್ದು. ಸಭಾಪರ್ವದ ದ್ಯೂತದಲ್ಲಿ ಪಣ ಇಟ್ಟ ಕೂಡಲೇ ಒಂದು ಎಸೆತ, “ಗೆದ್ದೆ” ಎನ್ನುವ ಶಕುನಿ, ಮತ್ತೆ ಮುಂದಿನ ಪಣ. ಅಂಥ ಹಾಸಿನ ಮೇಲೆ ಕಾಯಿ ನಡೆಸಿ ಹಣ್ಣು ಮಾಡುವ ವರ್ಣನೆ ಅಲ್ಲಿಲ್ಲ. ಅದಕ್ಕಿಂತ ಹಳೆಯದಾದ ಋಗ್ವೇದದ ಹತ್ತನೇ ಮಂಡಲದ 34ನೇ ಸೂಕ್ತ ಜೂಜುಕೋರನ ಗೋಳನ್ನು ಹೇಳುತ್ತದೆ. ಅಲ್ಲಿ ಎಸೆಯುವುದು ವಿಭೀತಕ, ಅಂದರೆ ತಾರೆಕಾಯಿ. ತ್ರಿಫಲಾ ಚೂರ್ಣದಲ್ಲಿ ಇರುತ್ತದಲ್ಲ, ಅದೇ.

ಪ್ಲಸ್ ಆಕಾರದ ಹಾಸು, 16 ಕಾಯಿ, ಉದ್ದ ದಾಳಗಳ ಚೌಪಡ್ ಆಟದ ಸ್ಪಷ್ಟ ವಿವರಣೆ 16ನೇ ಶತಮಾನದ ಕೊನೆಯಲ್ಲಿ, ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಸಿಗುತ್ತದೆ. ಅತ್ತ ಮೆಕ್ಸಿಕೋದ ಟಿಯೋತಿಹುವಾಕಾನ್ ಮತ್ತು ಮಾಯಾ ನಗರಗಳ ಗಾರೆ ನೆಲಗಳಲ್ಲಿ ಪತೊಲ್ಲಿ ಹಾಸುಗಳನ್ನು ಗೀಚಿದ ಗುರುತುಗಳಿವೆ. ಆ ನಗರಗಳು ಅಜ್ಟೆಕ್ಕರಿಗಿಂತ ನೂರಾರು ವರ್ಷ ಹಿಂದೆಯೇ ಬಾಳಿ ಪಾಳುಬಿದ್ದವು.

ಈಗ ಫಾರ್ವರ್ಡ್‌ನ ತರ್ಕವನ್ನೇ ತಿರುಗಿಸಿ ನೋಡಿ. “ಹೋಲುತ್ತದೆ, ಆದ್ದರಿಂದ ನಮ್ಮಿಂದ ಹೋಯಿತು” ಎನ್ನುವುದಾದರೆ ಮೆಕ್ಸಿಕೋದ ಒಬ್ಬ ಚಿಕ್ಕಪ್ಪ “ನಮ್ಮ ಆಟವೇ ಭಾರತಕ್ಕೆ ಹೋಯಿತು, ಹೆಮ್ಮೆ ಇದ್ದರೆ ಹತ್ತು ಜನರಿಗೆ ಕಳುಹಿಸಿ” ಎಂದು ಬರೆಯಬಹುದು. ಅವರ ಕೈಯಲ್ಲೂ ಇಷ್ಟೇ ಸಾಕ್ಷಿ ಇರುತ್ತದೆ. ಎರಡೂ ಕಡೆಗೆ ಸಮನಾಗಿ ವಾಲುವ ಸಾಕ್ಷಿ ಯಾರ ಪರವಾಗಿಯೂ ಇಲ್ಲ.

ಸೋಮನಾಥಪುರದ ‘ಜೋಳದ ತೆನೆ’

ಇದೇ ಸಂದೇಶದ ಉದ್ದನೆಯ ಆವೃತ್ತಿಗಳಲ್ಲಿ ನಮ್ಮ ಪಕ್ಕದ ಊರೂ ಬರುತ್ತದೆ. ಮೈಸೂರಿನಿಂದ ಒಂದು ಗಂಟೆ ದಾರಿಯ ಸೋಮನಾಥಪುರದ ಕೇಶವ ದೇವಾಲಯ 13ನೇ ಶತಮಾನದ್ದು. ಅಲ್ಲಿನ ಕೆಲವು ಮೂರ್ತಿಗಳ ಕೈಯಲ್ಲಿ ಕಾಳುಕಾಳಾದ, ತೆನೆಯಂಥ ವಸ್ತುವಿದೆ. ಅದು ಮುಸುಕಿನ ಜೋಳ, ಮುಸುಕಿನ ಜೋಳ ಅಮೆರಿಕದ್ದು, ಆದ್ದರಿಂದ ಕೊಲಂಬಸ್‌ಗೆ ಮೊದಲೇ ಸಂಪರ್ಕ ಇತ್ತು ಎಂಬುದು ವಾದ. ಇದೂ ಸುಮ್ಮನೆ ಹುಟ್ಟಿದ್ದಲ್ಲ. 1989ರಲ್ಲಿ ಅಮೆರಿಕದ ಸಂಶೋಧಕರಿಬ್ಬರು ವೈಜ್ಞಾನಿಕ ಪತ್ರಿಕೆಯಲ್ಲೇ ಹೀಗೆ ಬರೆದಿದ್ದರು.

1993ರಲ್ಲಿ ಅದೇ ಪತ್ರಿಕೆಯಲ್ಲಿ ಭಾರತದ ಮೆಕ್ಕೆಜೋಳ ತಜ್ಞರಾದ ಎಂ.ಎಂ. ಪಾಯಕ್ ಮತ್ತು ಜೆ.ಕೆ.ಎಸ್. ಸಚನ್ ಉತ್ತರ ಕೊಟ್ಟರು. ಅವು ಜೋಳದ ತೆನೆಗಳಲ್ಲ, ಮುತ್ತುಗಳನ್ನು ಪೋಣಿಸಿದಂತೆ ಕೆತ್ತಿದ ಕಾಲ್ಪನಿಕ ಹಣ್ಣು ‘ಮುಕ್ತಾಫಲ’ ಎಂದು ವಾದಿಸಿದರು. ಇಲ್ಲೂ ಪಾಠ ಒಂದೇ. ಕಣ್ಣಿಗೆ ಹೋಲುವುದು ಪ್ರಶ್ನೆ ಕೇಳಲು ಒಳ್ಳೆಯ ಕಾರಣ, ಉತ್ತರಕ್ಕೆ ಅಷ್ಟೇ ಸಾಲದು.

ಹಾಗಾದರೆ ಎಂಥ ಸಾಕ್ಷಿ ಸಾಕಾಗುತ್ತದೆ?

“ವಿಜ್ಞಾನಿಗಳು ಕೊಲಂಬಸ್‌ನನ್ನು ಕಾಪಾಡಲು ಸತ್ಯ ಮುಚ್ಚಿಡುತ್ತಾರೆ” ಎಂದೂ ಕೆಲವರು ಹೇಳುತ್ತಾರೆ. ಹಾಗೇನೂ ಇಲ್ಲ. ಕೊಲಂಬಸ್ ಹೊರಟದ್ದು 1492ರಲ್ಲಿ. ಅದಕ್ಕಿಂತ ಮೊದಲೇ ಯುರೋಪಿನ ನಾರ್ಸ್ ಜನರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತಲುಪಿದ್ದರು ಎಂಬುದು ಇಂದು ಎಲ್ಲರೂ ಒಪ್ಪುವ ಸಂಗತಿ. ಅಲ್ಲಿ ಅವರ ಮನೆಗಳ ಅಡಿಪಾಯ ಸಿಕ್ಕಿದೆ, ಕಬ್ಬಿಣದ ಕೆಲಸದ ಕುರುಹು ಸಿಕ್ಕಿದೆ. ಅವರು ಕಡಿದ ಮರದ ತುಂಡುಗಳು 1021ನೇ ಇಸವಿಯವು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪೆಸಿಫಿಕ್ ದ್ವೀಪವಾಸಿಗಳಿಗೂ ದಕ್ಷಿಣ ಅಮೆರಿಕದವರಿಗೂ ಸುಮಾರು 1200ರ ವೇಳೆಗೆ ನಂಟು ಬೆಳೆದಿತ್ತು ಎಂಬುದನ್ನು ಅವರ ವಂಶಜರ ಡಿಎನ್‌ಎ ಹೇಳುತ್ತದೆ. ಈ ಅಧ್ಯಯನ ಬಂದದ್ದು 2020ರಲ್ಲಿ.

ಅಂದರೆ ಬಾಗಿಲು ಮುಚ್ಚಿಲ್ಲ. ಒಳಗೆ ಬರಲು ಮನೆಯ ಅಡಿಪಾಯವೋ, ಮೊಳೆಯೋ, ಮೂಳೆಯೋ, ವಂಶವಾಹಿಯೋ ಬೇಕು, ಅಷ್ಟೇ.

ಆಟಗಳ ವಿಷಯದಲ್ಲೂ ನಿಜವಾದ ಪ್ರಯಾಣ ಗುರುತು ಉಳಿಸುತ್ತದೆ. ನಮ್ಮ ಪಚ್ಚೀಸಿ ಸಮುದ್ರ ದಾಟಿದ್ದು ನಿಜ. ಅಮೆರಿಕದಲ್ಲಿ ಅದು ‘ಪಾರ್ಚೀಸಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು, 1874ರಲ್ಲಿ ಆ ಹೆಸರು ಟ್ರೇಡ್‌ಮಾರ್ಕ್ ಆಯಿತು. ಇಂಗ್ಲೆಂಡಿನಲ್ಲಿ ಅದನ್ನೇ ಸರಳಗೊಳಿಸಿ 1896ರಲ್ಲಿ ‘ಲೂಡೊ’ ಎಂದು ಪೇಟೆಂಟ್ ಮಾಡಿಸಿದರು. ಈಗ ನಿಮ್ಮ ಫೋನಿನಲ್ಲಿ ಇರುವುದು ಅದೇ. ಹೆಸರು ಉಳಿದಿದೆ, ಕಾಗದಪತ್ರ ಉಳಿದಿದೆ, ಮಧ್ಯದ ನಾಲ್ಕು ತೋಳಿನ ಹಣ್ಣಿನ ಮನೆಯೂ ಉಳಿದಿದೆ. ಹೆಮ್ಮೆಪಡುವುದಾದರೆ ಇದಕ್ಕೆ ಪಡಬಹುದು, ಇದಕ್ಕೆ ದಾಖಲೆಯಿದೆ. ಪತೊಲ್ಲಿಯ ವಿಷಯದಲ್ಲಿ ಇಂಥ ಒಂದು ಗುರುತೂ ಸಿಕ್ಕಿಲ್ಲ.

ಇಷ್ಟಕ್ಕೂ ಒಂದು ಆಟದ ಬಗ್ಗೆ ಇಷ್ಟೊಂದು ಚರ್ಚೆ ಯಾಕೆ?

“ಹೋಗಲಿ ಬಿಡಿ, ಇದರಿಂದ ಯಾರಿಗೆ ನಷ್ಟ?” ಎಂದು ನೀವು ಕೇಳಬಹುದು. ನಷ್ಟ ಇಬ್ಬರಿಗೆ.

ಮೊದಲನೆಯದು ಅಜ್ಟೆಕ್ಕರಿಗೆ. ಪತೊಲ್ಲಿಯಲ್ಲಿ ದೇವರ ಹೆಸರಿತ್ತು ಎಂಬ ಕಾರಣಕ್ಕೆ ಸ್ಪೇನಿನವರ ಆಳ್ವಿಕೆಯಲ್ಲಿ ಅದನ್ನು ತಡೆದರು. ಆಡುವವರು ಹೆದರಿ ಬಿಟ್ಟರು. ಪಾದ್ರಿಗಳು ಹೊರಗೆ ನಿಂತು ನೋಡಿದ್ದನ್ನು ಬರೆದರೇ ಹೊರತು ಆಡುವವರ ಬಾಯಿಂದ ಪೂರ್ತಿ ನಿಯಮ ಕೇಳಿ ಬರೆಯಲಿಲ್ಲ. ಆದ್ದರಿಂದ ಇಂದು ಪತೊಲ್ಲಿ ಆಡುವವರು ಅರ್ಧಂಬರ್ಧ ವರ್ಣನೆಗಳಿಂದ ನಿಯಮಗಳನ್ನು ಮತ್ತೆ ಕಟ್ಟಿಕೊಳ್ಳಬೇಕಾಗಿದೆ. ನಾಡು, ದೇವರು, ಪುಸ್ತಕ ಎಲ್ಲ ಕಳೆದುಕೊಂಡ ಜನರ ಬಳಿ ಉಳಿದಿರುವ ಒಂದು ಆಟವನ್ನೂ “ಅದು ನಿಮ್ಮದಲ್ಲ, ನಮ್ಮಿಂದ ಕಲಿತದ್ದು” ಎಂದು ಕಿತ್ತುಕೊಳ್ಳುವುದು ಸಣ್ಣ ಮಾತಲ್ಲ. ನಮ್ಮ ದೇಶದ ಸಾಧನೆಗಳನ್ನು ಬೇರೆಯವರು ಹೀಗೆಯೇ ತಮ್ಮದೆಂದಾಗ ನಮಗೆ ಎಷ್ಟು ಸಿಟ್ಟು ಬರುತ್ತದೆ, ನೆನಪಿಸಿಕೊಳ್ಳಿ.

ಎರಡನೆಯ ನಷ್ಟ ನಮಗೇ. ಚೌಕಾಬಾರದ ಫಾರ್ವರ್ಡ್ ಓದಿದವರಲ್ಲಿ ಎಷ್ಟು ಜನಕ್ಕೆ ಚೌಕಾಬಾರ ಆಡಲು ಬರುತ್ತದೆ? ಈ ಊರಿನ ಮಟ್ಟಿಗೆ ಇದು ನೋವಿನ ಪ್ರಶ್ನೆ, ಯಾಕೆಂದರೆ ಆಟಗಳನ್ನು ಬರೆದಿಡುವ ಪರಂಪರೆ ಮೈಸೂರಿಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಹಲಗೆ ಆಟಗಳ ಬಗ್ಗೆ ಅಪಾರ ಆಸಕ್ತಿ ಇದ್ದವರು. ತಾವೇ ಹೊಸ ಆಟಗಳನ್ನು ರೂಪಿಸಿದವರು. ಅವರ ಕಾಲದ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗ ಆಟಗಳಿಗೇ ಮೀಸಲು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳ ಚಿತ್ರಗಳಿವೆ. ಇಂದಿಗೂ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಇಂಥ ಆಟಗಳ ಪ್ರದರ್ಶನ ನಡೆಸಿಕೊಂಡು ಬಂದಿದೆ. ಆದರೆ ಅರಮನೆಯ ಆಟಗಳನ್ನು ಬರೆಯಲು ಅರಸರಿದ್ದರು. ಜಗಲಿಯ ಆಟಗಳನ್ನು ಬರೆಯುವವರು ನಾವೇ ಆಗಬೇಕು.

ಜಯಲಕ್ಷ್ಮಿಪುರಂನ ಆ ಜಗಲಿಗೆ ಮರಳೋಣ. ಹುಡುಗಿ ನಕಲು ಮಾಡುವುದನ್ನು ನಿಲ್ಲಿಸಿ, “ಹಾಗಾದ್ರೆ ಏನು ಬರೀಲಿ ಅಜ್ಜಿ?” ಎಂದು ಕೇಳಿದಳು. ಅಜ್ಜಿ ಸೀಮೆಸುಣ್ಣ ತರಿಸಿ ನೆಲದ ಮೇಲೆ ಐದೈದು ಮನೆ ಎಳೆದರು. ಗುಣಾಕಾರದ ಗೀಟು ಎಲ್ಲಿ ಹಾಕಬೇಕು, ಅಲ್ಲಿ ಕೂತ ಕಾಯಿಯನ್ನು ಯಾಕೆ ಕಡಿಯಬಾರದು, ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಯಾಕೆ, ಎಲ್ಲ ಹೇಳಿದರು. ತಮ್ಮ ತವರಿನಲ್ಲಿ ಆಡುವ ಕ್ರಮಕ್ಕೂ ಇಲ್ಲಿನದಕ್ಕೂ ಇರುವ ಸಣ್ಣ ವ್ಯತ್ಯಾಸವನ್ನೂ ಹೇಳಿದರು. ಹುಡುಗಿ ಬರೆದುಕೊಂಡಳು. ಪ್ರಾಜೆಕ್ಟ್‌ನ ಕೊನೆಯ ಪುಟಕ್ಕೆ ಪತೊಲ್ಲಿ ಸೇರಿತು. ಅದರ ಕೆಳಗೆ ಅವಳು ಬರೆದದ್ದು ಇಷ್ಟು: ಅವರು ಕಾಳಿನಲ್ಲಿ ಗರ ಹಾಕುತ್ತಿದ್ದರು, ನಾವು ಹುಣಸೆ ಬೀಜದಲ್ಲಿ ಹಾಕುತ್ತೇವೆ.

ಗ್ರೂಪ್‌ನಲ್ಲಿ ಏನು ಉತ್ತರಿಸುವುದು?

ಹಿರಿಯರು ಕಳುಹಿಸಿದ ಸಂದೇಶಕ್ಕೆ ಎಲ್ಲರ ಮುಂದೆ “ಇದು ಸುಳ್ಳು” ಎಂದರೆ ಮನಸ್ತಾಪವಾಗುತ್ತದೆ. ಕೆಳಗಿನ ಸಾಲುಗಳನ್ನು ಬೇಕಿದ್ದರೆ ಹಾಗೆಯೇ ಬಳಸಿಕೊಳ್ಳಿ:

“ಚಿಕ್ಕಪ್ಪ, ಪತೊಲ್ಲಿ ಎಂಬ ಆಟ ಇದ್ದದ್ದು ನಿಜ, ಪಗಡೆಗೆ ಹೋಲುವುದೂ ನಿಜ. ಆದರೆ ಅದು ಇಲ್ಲಿಂದ ಹೋಯಿತು ಎನ್ನಲು ಸಾಕ್ಷಿ ಸಿಕ್ಕಿಲ್ಲ. ಎರಡು ಮುಖದ ಬೀಜ ಎಸೆದು ಆಡುವುದು ಹಲವು ದೇಶಗಳಲ್ಲಿದೆ. ನಮ್ಮ ಪಚ್ಚೀಸಿಯಿಂದ ಲೂಡೊ ಆಗಿದ್ದು ಮಾತ್ರ ದಾಖಲೆ ಇರುವ ಸಂಗತಿ. ಮುಂದಿನ ಸಲ ಬಂದಾಗ ಒಂದು ಆಟ ಆಡೋಣ. ನಿಮ್ಮ ಕಡೆಯ ನಿಯಮ ಹೇಳಿಕೊಡಿ, ಬರೆದಿಟ್ಟುಕೊಳ್ಳುತ್ತೇನೆ.”

ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ. ನಿಮ್ಮ ಮನೆಯಲ್ಲಿ ಚೌಕಾಬಾರ, ಅಳಗುಳಿಮಣೆ, ಪಗಡೆ ಬಲ್ಲ ಹಿರಿಯರಿದ್ದರೆ ಈ ವಾರವೇ ಫೋನಿನಲ್ಲಿ ಅವರ ದನಿ ರೆಕಾರ್ಡ್ ಮಾಡಿಕೊಳ್ಳಿ. ನೆಲದ ಮೇಲೆ ಎಳೆದ ಮನೆಗಳ ಒಂದು ಫೋಟೊ ತೆಗೆಯಿರಿ. ಗ್ರೂಪ್‌ಗೆ ಅದನ್ನು ಕಳುಹಿಸಿ.